ಬಿಡಿಸಿದ ಬಟಾಣಿ

"ಅಕ್ಕ, ಕೂತಲ್ಲೇ ಇದನ್ನ ಸ್ವಲ್ಪ ಬಿಡಿಸಿಡ್ತೀರಾ? ನಿಂಬೆಹಣ್ಣು ತರೋದೇ ಮರ್ತಿದೀನಿ. ಕೆಳಗಿನ ಅಂಗಡಿಗೆ ಹೋಗಿ ಈಗ ಬಂದೆ," ಎಂದು ವಾರಗಿತ್ತಿ ತೂತಿನ ಪಾತ್ರೆಯೊಂದನ್ನು ಗುಂಡಿಯಕ್ಕನ ಮುಂದಿಟ್ಟು, ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕಾಲಿನಲ್ಲಿ ಎಳೆದುಕೊಳ್ಳುತ್ತಲೇ ಬಾಗಿಲಾಚೆ ಹೋದಳು.

ಪಾತ್ರೆಯ ತುಂಬ ಬಟಾಣಿಕಾಯಿ. ಆಗಷ್ಟೇ ತೊಳೆದದ್ದರಿಂದ ಮೈಮೇಲೆ ಇನ್ನೂ ನೀರಿತ್ತು. ಗುಂಡಿಯಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಬಂದಾಗಿನಿಂದ ಅಡುಗೆಮನೆಯ ಈ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಏನಾದರೂ ಮಾಡಲೇ ಎಂದು ಕೇಳಿ, "ಅಯ್ಯೋ, ನೀವು ಸುಮ್ನೆ ಕೂತ್ಕೊಳ್ಳಿ" ಎನ್ನಿಸಿಕೊಂಡು, ಮತ್ತೆ ಕೇಳಿ, ಮತ್ತೆ ಅನ್ನಿಸಿಕೊಂಡು ಸಾಕುಸಾಕಾಗಿತ್ತು. ಸುಮ್ಮನೆ ಕೂರುವ ಕೆಲಸವೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಅವಳಿಗೆ ಬರುತ್ತಿತ್ತು.

ದರ್ಜಿ ಅಂಗಡಿಗಳಿಂದ ಬಟ್ಟೆ ತಂದು, ಕಾಜಾ ಹೊಲಿದು, ಗುಂಡಿ ಹಾಕಿಕೊಡುವುದು ಅವಳ ಕಸುಬು. ಅದರಿಂದಲೇ ಆ ಹೆಸರು ಬಂದದ್ದು. ಓಣಿಯ ಮಕ್ಕಳಿಂದ ಹಿಡಿದು ಅಂಗಡಿ ಯಜಮಾನರವರೆಗೆ ಎಲ್ಲರಿಗೂ ಅವಳು ಗುಂಡಿಯಕ್ಕನೇ. ಹೆತ್ತವರಿಟ್ಟ ಹೆಸರು ಹಿಡಿದು ಯಾರಾದರೂ ಕೂಗಿದರೆ, ಯಾರನ್ನು ಕರೆದರಪ್ಪಾ ಎಂದು ಅವಳೇ ಹಿಂದೆ ತಿರುಗಿ ನೋಡುವಳು. ಗಂಡ ತೀರಿಕೊಂಡ ಮೇಲೂ ಸೂಜಿ ಕೆಳಗಿಟ್ಟವಳಲ್ಲ. ಯಾರ ಮುಂದೆಯೂ ಕೈ ಚಾಚಿದವಳಲ್ಲ. ನಾಲಿಗೆ ಸ್ವಲ್ಪ ಖಾರ, ಅಷ್ಟೆ.

ಇದು ಅವಳ ಮೈದುನನ ಮನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ನಲವತ್ತು ದಾಟಿದರೂ ಮದುವೆಯ ಮಾತೆತ್ತಿದರೆ ನಕ್ಕು ಜಾರಿಕೊಳ್ಳುತ್ತಿದ್ದವನು, ಒಂದು ದಿನ ಕಣ್ಣು ಮಂಜಾಗುತ್ತಿದೆ ಎಂದು ಕನ್ನಡಕದ ಅಂಗಡಿಗೆ ಹೋದ. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹೆಂಗಸು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಳು. ಕನ್ನಡಕ ಬಂದ ಮೇಲೆ ಸ್ಕ್ರೂ ಸಡಿಲವಾಗಿದೆ ಎಂದು ಮತ್ತೆ ಮತ್ತೆ ಹೋಗತೊಡಗಿದ. ಇಡೀ ಲಿಫ್ಟನ್ನು ಬಿಚ್ಚಿ ಕಟ್ಟುವವನಿಗೆ ಕನ್ನಡಕದ ಸ್ಕ್ರೂ ತಿರುಗಿಸಲು ಬರುವುದಿಲ್ಲವೇ ಎಂದು ಗುಂಡಿಯಕ್ಕನಿಗೆ ಆಗಲೇ ಅನುಮಾನ ಬಂದಿತ್ತು. ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಇಬ್ಬರೂ ಮದುವೆಯಾದರು. ಸಾಕ್ಷಿಗೆ ಗುಂಡಿಯಕ್ಕನೇ ರುಜು ಹಾಕಿದಳು. ಹಾಕಿ ಬಂದು ಮನೆಯಲ್ಲಿ ಒಬ್ಬಳೇ ಕೂತು, ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ತಿಳಿಯದೆ, ಗಟ್ಟಿಯಾಗಿ ಅತ್ತಳು.

ಅಲ್ಲಿಯವರೆಗೆ ಭಾನುವಾರವೆಂದರೆ ಅವನು ಅವಳ ಮನೆಗೆ ಊಟಕ್ಕೆ ಬರುವ ದಿನ. ಮದುವೆಯಾದ ಮೇಲೆ ಬರುವುದು ಅಪರೂಪವಾಯಿತು. ಅವನೇನು ಮರೆತಿರಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಬರುತ್ತೇನೆ ಎಂದರೆ ಇವಳೇ ಕೆಲಸ ಇದೆ, ಬಟ್ಟೆ ಬಂದು ಬಿದ್ದಿದೆ ಎಂದು ನೆಪ ಹೇಳುತ್ತಿದ್ದಳು. ನೀವೇ ಬನ್ನಿ ಎಂದು ಅವರು ಕರೆದರೆ ಅದಕ್ಕೂ ಒಂದು ನೆಪ. ಇವತ್ತು ಮಾತ್ರ ವಾರಗಿತ್ತಿಯೇ ಫೋನ್ ಮಾಡಿ, "ಅಕ್ಕ, ನೀವು ಬರ್ಲೇಬೇಕು, ನಿಮ್ಮ ಹತ್ರ ಒಂದು ಕೆಲಸ ಇದೆ" ಎಂದಿದ್ದಳು. ಕೆಲಸ ಎಂದ ಮೇಲೆ ಗುಂಡಿಯಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ.

ನೆಪಗಳ ಹಿಂದೆ ಇದ್ದದ್ದು ಒಂದು ಭಯ. ಅದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈ ಕನ್ನಡಕದವಳಿಗೆ ಅವನು ಏನೇನು ಹೇಳಿದ್ದಾನೋ ಎಂಬ ಭಯ.

ಬಟಾಣಿಕಾಯಿಯೊಂದನ್ನು ಎತ್ತಿಕೊಂಡು ತುದಿ ಮುರಿದು, ನಾರು ಎಳೆದು, ಹೆಬ್ಬೆರಳಿನಿಂದ ಒತ್ತಿದಳು. ಕಾಯಿ ಬಾಯಿಬಿಟ್ಟಿತು. ಕಾಳು ನೋಡಿದರೆ ಅಯ್ಯೋ ಎನ್ನಿಸುವಷ್ಟು ಪುಟ್ಟದು. ಇನ್ನೊಂದು ಬಿಡಿಸಿದಳು, ಅದೂ ಹಾಗೆಯೇ. ಹೊರಗಿನಿಂದ ಉಬ್ಬಿಕೊಂಡು ಮೆರೆಯುವ ಕಾಯಿ, ಒಳಗೆ ಮಾತ್ರ ಸೊನ್ನೆ. ಸಿಪ್ಪೆಯೇ ದಪ್ಪ. "ಅಂಗಡಿಯವನು ಚೆನ್ನಾಗೇ ಟೋಪಿ ಹಾಕಿದಾನೆ," ಎಂದು ಗೊಣಗಿದಳು. ಜನರ ಕಣ್ಣು ಪರೀಕ್ಷೆ ಮಾಡುವವಳಿಗೆ ಬಟಾಣಿ ನೋಡಿ ತರಲು ಬರುವುದಿಲ್ಲ ಎಂಬುದು ಅವಳಿಗೆ ಒಂದಿಷ್ಟು ಸಮಾಧಾನವನ್ನೇ ಕೊಟ್ಟಿತು ಎಂದರೆ ಸುಳ್ಳಲ್ಲ.

ಇಲ್ಲೇ ಎಡವಟ್ಟಾದದ್ದು. ಆ ಬಟಾಣಿ ಕಾಳಿಗಾಗಿ ಬೆಳೆಯುವ ಜಾತಿಯದಲ್ಲ. ಸಿಪ್ಪೆ ಸಮೇತ ಇಡಿಯಾಗಿ ಹುರಿದು ತಿನ್ನುವ, ಶುಗರ್ ಸ್ನ್ಯಾಪ್ ಎನ್ನುವ ಜಾತಿ. ಅದರ ನಾರು ಎಳೆದರೆ ಮುಗಿಯಿತು. ಕನ್ನಡಕದವಳ ತವರಿನಲ್ಲಿ ಎಲ್ಲದಕ್ಕೂ ಬಿಡಿಸುವುದು ಎಂದೇ ಹೇಳುತ್ತಿದ್ದರು: ಸೊಪ್ಪು ಬಿಡಿಸು, ಹೂ ಬಿಡಿಸು, ಹುರುಳಿಕಾಯಿಯ ನಾರು ಬಿಡಿಸು. ಅದೇ ಅಭ್ಯಾಸದಲ್ಲಿ ಬಿಡಿಸಿ ಎಂದು ಹೇಳಿ ಹೋಗಿದ್ದಳು. ಆದರೆ ಬಟಾಣಿ ಬಿಡಿಸುವುದು ಎಂದರೆ ಗುಂಡಿಯಕ್ಕನಿಗೆ ಒಂದೇ ಅರ್ಥ. ಕಾಳು ಪಾತ್ರೆಗೆ, ಸಿಪ್ಪೆ ಕಸಕ್ಕೆ.

ಆ ಅರ್ಥವನ್ನು ಅವಳು ಕಲಿತದ್ದು ಮದುವೆಯಾಗಿ ಬಂದ ಹೊಸತರಲ್ಲಿ. ಅತ್ತೆ ಆಗಲೇ ತೀರಿಹೋಗಿದ್ದರು. ಮಾವ ಹಾಸಿಗೆ ಹಿಡಿದಿದ್ದರು. ಮೈದುನ ಮೂರನೇ ಕ್ಲಾಸಿನ ಹುಡುಗ, ತಾಯಿಯಿಲ್ಲದ ಕೂಸು. ಗಂಡ ದುಡಿಯುತ್ತಿದ್ದ ಮರದ ಮಿಲ್ಲು ಆ ವರ್ಷ ಮುಚ್ಚಿತು. ಒಂದು ಹೋಟೆಲಿನವರು ಮೂಟೆಗಟ್ಟಲೆ ಬಟಾಣಿ ಕಳಿಸುತ್ತಿದ್ದರು. ಬಿಡಿಸಿ, ಕಾಳನ್ನು ಅಳೆದು ಹಿಂದಕ್ಕೆ ಕೊಡಬೇಕು. ಕಾಳು ಹೋಟೆಲಿನದು, ಸಿಪ್ಪೆ ಇವಳದು. ಹುಡುಗ ಶಾಲೆಯಿಂದ ಬಂದವನೇ ಅವಳ ಪಕ್ಕ ಕೂತು ಸಿಪ್ಪೆಯ ರಾಶಿಯಿಂದ ಒಂದೊಂದನ್ನೇ ತೆಗೆದು ಜಗಿದು, ರಸ ಹೀರಿ, ನಾರನ್ನು ಅಂಗೈಗೆ ಉಗಿಯುತ್ತಿದ್ದ. ಕಾಳಿಗೆ ಒಂದು ದಿನವೂ ಕೈ ಹಾಕಿದವನಲ್ಲ. ಹಾಕಬಾರದೆಂದು ಯಾರೂ ಹೇಳದಿದ್ದರೂ ಅವನಿಗೆ ತಿಳಿದಿತ್ತು. ಒಮ್ಮೆ ಕಾಳು ಒಯ್ಯಲು ಬಂದ ಹೋಟೆಲಿನ ಆಳು ಅದನ್ನು ನೋಡಿ ಹಲ್ಲು ಕಿರಿದು, "ಏನಮ್ಮಾ, ದನಕ್ಕೆ ಹಾಕೋದನ್ನ ಹುಡುಗನಿಗೆ ಹಾಕ್ತಿದೀಯಾ?" ಎಂದ. ಅವಮಾನದಿಂದ ಗುಂಡಿಯಕ್ಕನ ಮೈಯೆಲ್ಲ ಉರಿದುಹೋಯಿತು. ಆಳಿಗೆ ಹೊಡೆಯಲಾಗಲಿಲ್ಲ. ಹುಡುಗನ ಕೆನ್ನೆಗೆ ಹೊಡೆದಳು.

ಅವನು ಅಳಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿಬಿಟ್ಟ. ಆ ನುಂಗಿದ್ದನ್ನು ನೆನೆದರೆ ಈಗಲೂ ಅವಳು ಹಿಡಿದ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದುಬಿಡುತ್ತಿದ್ದಳು.

ಸಾಕಿದವಳು, ಓದಿಸಿದವಳು, ಅತ್ತಿಗೆಯಲ್ಲ ತಾಯಿ ಎಂದು ಜನ ಹೊಗಳಿದಾಗಲೆಲ್ಲ ಗುಂಡಿಯಕ್ಕ ಮಾತು ಹಾರಿಸುತ್ತಿದ್ದಳು. ಗಂಡ ಹೆಂಡಿರೆಂದ ಮೇಲೆ ಹಳೆಯದೆಲ್ಲ ಮಾತಿಗೆ ಬಂದೇ ಬರುತ್ತದೆ. ನಮ್ಮತ್ತಿಗೆ ಮನೆಯಲ್ಲಿ ಸಿಪ್ಪೆ ತಿಂದು ಬೆಳೆದೆ, ತಿಂದದ್ದಕ್ಕೆ ಹೊಡೆಸಿಕೊಂಡೆ ಎಂದು ಅವನೇನಾದರೂ ಹೇಳಿದ್ದರೆ, ಈ ಮನೆಯಲ್ಲಿ ತಾನು ಯಾವ ಮುಖ ಇಟ್ಟುಕೊಂಡು ಕೂರುವುದು? ಅವಳಿಗೆ ಇದ್ದ ನೆಂಟನೆಂದರೆ ಅವನೊಬ್ಬನೇ.

ಕೈ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ವಾರಗಿತ್ತಿ ನಿಂಬೆಹಣ್ಣು ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಕಾಳೆಲ್ಲ ಬಟ್ಟಲಿನಲ್ಲಿತ್ತು, ಒಂದು ಹಿಡಿಯಷ್ಟು. ಸಿಪ್ಪೆಯನ್ನು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಗುಂಡಿಯಕ್ಕ ಮತ್ತೆ ಕೈಕಟ್ಟಿ ಕೂತಿದ್ದಳು.

ವಾರಗಿತ್ತಿ ಬಟ್ಟಲನ್ನು ನೋಡಿದಳು. ಖಾಲಿ ತೂತಿನ ಪಾತ್ರೆಯನ್ನು ನೋಡಿದಳು.

"ಎಷ್ಟು ಬೇಗ ಮುಗಿಸಿಬಿಟ್ರಿ ಅಕ್ಕ!"

"ಕಾಯಿ ಚೆನ್ನಾಗಿಲ್ಲ. ಒಳಗೆ ಏನೂ ಇರ್ಲಿಲ್ಲ. ಇನ್ನೊಂದ್ಸಲ ತರುವಾಗ ಒತ್ತಿ ನೋಡಿ ತನ್ನಿ," ಎಂದಳು ಗುಂಡಿಯಕ್ಕ. ಎಷ್ಟು ಸಲ ನೀನು ಎನ್ನಿ ಎಂದರೂ ವಾರಗಿತ್ತಿಯನ್ನು ಅವಳು ನೀವು ಎಂದೇ ಕರೆಯುತ್ತಿದ್ದಳು.

"ಹೂಂ ಅಕ್ಕ. ಸಿಪ್ಪೆ... ಸಿಪ್ಪೆ ಎಲ್ಲಿ ಹಾಕಿದ್ರಿ?"

"ಪೊಟ್ಟಣ ಕಟ್ಟಿ ಡಬ್ಬಿಗೆ ಹಾಕಿದೀನಿ. ಗಲೀಜು ಮಾಡಿಲ್ಲ."

"ಛೆ, ಛೆ, ಅದಕ್ಕಲ್ಲ ಕೇಳಿದ್ದು. ಸೆಕೆ ಆಗ್ತಿದೆ ಅಲ್ವಾ? ಬಾಲ್ಕನಿಗೆ ಹೋಗಿ ಗಾಳಿಗೆ ಕೂತಿರಿ. ಅವರೂ ಈಗ ಬಂದ್ಬಿಡ್ತಾರೆ."

ಅಡುಗೆಮನೆಯಿಂದ ಆಚೆಗೆ ಅಟ್ಟುತ್ತಿದ್ದಾಳೆ ಎಂದು ಗುಂಡಿಯಕ್ಕನಿಗೆ ತಿಳಿಯದೇ ಹೋಗಲಿಲ್ಲ. ಎದ್ದು ಬಾಲ್ಕನಿಗೆ ಹೋದಳು. ಅಲ್ಲೊಂದು ಕೂರುವ ಬೆತ್ತದ ಮೋಡಾ, ಒಣಹಾಕಿದ ಎರಡು ಅಂಗಿ. ಅಭ್ಯಾಸಬಲದಿಂದ ಅಂಗಿಗಳ ಗುಂಡಿ ಎಳೆದು ನೋಡಿದಳು. ಎಲ್ಲ ಭದ್ರವಾಗಿದ್ದವು. ಒಂದು ಗುಂಡಿ ಮಾತ್ರ ಬೇರೆ ದಾರದ್ದು, ಬೇರೆ ಕೈಯ ಹೊಲಿಗೆ. ಕೆಟ್ಟದಾಗೇನೂ ಹಾಕಿರಲಿಲ್ಲ. ಕೆಟ್ಟದಾಗಿ ಹಾಕಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಬಾಲ್ಕನಿಯ ಗಾಜಿನ ಬಾಗಿಲಿನಿಂದ ಅಡುಗೆಮನೆಯ ಅರ್ಧ ಕಾಣುತ್ತಿತ್ತು. ವಾರಗಿತ್ತಿ ಒಮ್ಮೆ ಈ ಕಡೆ ನೋಡಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬಗ್ಗಿ ಕಸದ ಡಬ್ಬಿಯೊಳಗೆ ಕೈ ಹಾಕಿದಳು. ಪೊಟ್ಟಣ ಹೊರಗೆ ಬಂತು. ಅದನ್ನು ಬಿಚ್ಚಿ ಸಿಪ್ಪೆಯನ್ನೆಲ್ಲ ತೂತಿನ ಪಾತ್ರೆಗೆ ಸುರಿದು ನಲ್ಲಿಯ ಕೆಳಗೆ ಹಿಡಿದು, ಒಂದಲ್ಲ ಎರಡು ಸಲ ತೊಳೆದಳು. ಆಮೇಲೆ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಒಂದೊಂದು ಸಿಪ್ಪೆಯನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ ನೋಡಿ ಬಟ್ಟೆಯ ಮೇಲೆ ಹರಡಿದಳು.

ಗುಂಡಿಯಕ್ಕನ ಕೈ ಅಂಗಿಯ ಗುಂಡಿಯ ಮೇಲೆಯೇ ನಿಂತಿತು.

ಮೊದಲು ಬಂದ ಯೋಚನೆ, ಇವಳೇನು ಇಷ್ಟು ಜಿಪುಣಿಯೇ ಎಂಬುದು. ಎರಡನೆಯದು ಬಂದಾಗ ಮೋಡಾದ ಮೇಲೆ ಕುಸಿದು ಕೂತಳು. ಜಿಪುಣತನವಲ್ಲ ಇದು. ಹೇಳಿದ್ದಾನೆ. ಅವನು ಎಲ್ಲವನ್ನೂ ಹೇಳಿದ್ದಾನೆ. ಬೇಕೆಂದೇ ಬಟಾಣಿ ತಂದು, ಬೇಕೆಂದೇ ತನ್ನ ಕೈಯಿಂದಲೇ ಬಿಡಿಸುವಂತೆ ಮಾಡಿ, ಈಗ ಆ ಸಿಪ್ಪೆಯನ್ನೇ ಬೇಯಿಸಿ ತನ್ನ ತಟ್ಟೆಗೆ ಹಾಕುತ್ತಾಳೆ. ನೋಡಿ ಅಕ್ಕ, ನನ್ನ ಗಂಡನಿಗೆ ನೀವು ಹಾಕಿದ್ದು ಇದೇ ಅಲ್ಲವೇ, ರುಚಿ ನೋಡಿ ಎನ್ನುತ್ತಾಳೆ. ಫೋನಿನಲ್ಲಿ ಒಂದು ಕೆಲಸ ಇದೆ ಎಂದದ್ದು ಇದಕ್ಕೇ.

ಒಳಗೆ ಬಾಣಲೆಯಲ್ಲಿ ಬೆಣ್ಣೆ ಕಾಯುವ ಸದ್ದು, ಜಜ್ಜಿದ ಬೆಳ್ಳುಳ್ಳಿಯ ವಾಸನೆ. ಚರ್ ಎಂದು ಏನೋ ಬಿತ್ತು. ಸೌಟು ಎರಡು ಸುತ್ತು ಆಡಿತು, ಅಷ್ಟರಲ್ಲಿ ಒಲೆ ಆರಿಸಿದ ಸದ್ದು. ಬೇಯಿಸುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲವಲ್ಲ ಎಂದುಕೊಂಡು ಗುಂಡಿಯಕ್ಕ ಎದ್ದಳು. ತಲೆನೋವು ಎಂದು ಹೇಳಿ ಹೊರಟುಬಿಡುವುದು ಎಂದು ತೀರ್ಮಾನಿಸಿ, ನಡುಮನೆಯಲ್ಲಿಟ್ಟಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಬಂದಳು. ಹೊರಗಿನಿಂದ ಬೀಗದ ಕೈ ತಿರುಗಿತು.

"ಅತ್ತಿಗೆ! ಬಂದ್ರಾ? ಎಲ್ಲಿ ಬರೋದೇ ಇಲ್ವೋ ಅಂದ್ಕೊಂಡಿದ್ದೆ." ಮೈದುನನ ಅಂಗಿಯ ತುಂಬ ಗ್ರೀಸು. ನಗು ಕಿವಿಯಿಂದ ಕಿವಿಗೆ. "ಚೀಲ ಯಾಕೆ ಹೆಗಲ ಮೇಲಿದೆ? ನಾನು ಬರ್ತಿದ್ದ ಹಾಗೆ ಓಡಿಹೋಗ್ತೀರಾ?"

"ಇಲ್ಲಪ್ಪ. ಇದನ್ನ ಎಲ್ಲಿಡೋದು ಅಂತ ನೋಡ್ತಿದ್ದೆ."

ಅವನು ಚೀಲವನ್ನು ತೆಗೆದು ಎತ್ತರದ ಕಪಾಟಿನ ಮೇಲೆ, ಅವಳ ಕೈಗೆ ಎಟುಕದ ಕಡೆ ಇಟ್ಟು, ಕೈಕಾಲು ತೊಳೆಯಲು ಹೋದ.

ಊಟಕ್ಕೆ ಕೂತರು. ಪುಟ್ಟ ಮೇಜು, ಮೂರು ಕುರ್ಚಿ, ಮೂರನೆಯದು ಪಕ್ಕದ ಮನೆಯಿಂದ ತಂದದ್ದು. ಅನ್ನ, ಹುರಿದ ಆಲೂಗಡ್ಡೆ, ಮೊಟ್ಟೆ. ಕೊನೆಗೆ ವಾರಗಿತ್ತಿ ಬಿಳಿ ಪಿಂಗಾಣಿ ತಟ್ಟೆಯೊಂದನ್ನು ತಂದು ನಡುವೆ ಇಟ್ಟಳು. ಸಿಪ್ಪೆಗಳು ಎಳೆ ಹಸಿರಿನಲ್ಲಿ ಹೊಳೆಯುತ್ತಿದ್ದವು. ಮೇಲೆ ಕಾಳುಮೆಣಸಿನ ಪುಡಿ, ಅಲ್ಲಲ್ಲಿ ಹೊಂಬಣ್ಣಕ್ಕೆ ತಿರುಗಿದ ಬೆಳ್ಳುಳ್ಳಿ, ಬಿಡಿಸಿದ ಕಾಳನ್ನೂ ಮೇಲೆಯೇ ಉದುರಿಸಿದ್ದಳು. ನಿಂಬೆ ಹಿಂಡಿ, ಮೊದಲ ಚಮಚವನ್ನು ಗುಂಡಿಯಕ್ಕನ ತಟ್ಟೆಗೇ ಬಡಿಸಿದಳು. ಗುಂಡಿಯಕ್ಕ ತಲೆ ಎತ್ತಲಿಲ್ಲ.

ಮೈದುನ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. "ಇದೇನೇ, ಇವತ್ತು ಬಟಾಣಿ ಎಲ್ಲ ಬಾಯಿ ಬಿಟ್ಕೊಂಡಿವೆ? ಯಾವಾಗ್ಲೂ ಬಾಯಿ ಮುಚ್ಕೊಂಡಿರ್ತಿದ್ವಲ್ಲ?"

"ನೀವು ಬಾಯಿ ಮುಚ್ಕೊಂಡು ತಿನ್ನಿ," ಎಂದು ಹೆಂಡತಿ ಮೇಜಿನ ಕೆಳಗೆ ಅವನ ಕಾಲನ್ನು ಒದ್ದಳು. ಒದ್ದದ್ದು ಗುಂಡಿಯಕ್ಕನ ಕಾಲಿಗೂ ಸ್ವಲ್ಪ ತಗುಲಿತು.

"ಅಲ್ಲ, ಸಿಪ್ಪೆನೇ ಬೇರೆ, ಕಾಳೇ ಬೇರೆ ಆಗಿದೆಯಲ್ಲ ಅಂತ ಕೇಳ್ದೆ."

ಸಿಪ್ಪೆ ಎಂಬ ಮಾತು ಅವನ ಬಾಯಿಂದ ಬಂದದ್ದೇ ತಡ, ಗುಂಡಿಯಕ್ಕ ಚಮಚ ಕೆಳಗಿಟ್ಟಳು.

"ಬಿಡಿಸಿದ್ದು ನಾನು. ಬಿಡಿಸಿ ಅಂದ್ರು, ಬಿಡಿಸ್ದೆ. ಸಿಪ್ಪೆನ ಕಸಕ್ಕೆ ಹಾಕಿದ್ದೆ. ಕಸಕ್ಕೆ ಹಾಕಿದ್ದು ತಟ್ಟೆಗೆ ಯಾಕೆ ಬಂತು ಅಂತ ನಾನೂ ಕೇಳೋಣ ಅಂತಿದ್ದೆ."

ವಾರಗಿತ್ತಿಯ ಮುಖ ಕೆಂಪಾಯಿತು. "ನೋಡಿಬಿಟ್ರಾ? ಅಯ್ಯೋ ದೇವರೇ. ಅಕ್ಕ, ಇದು ಸಿಪ್ಪೆ ಸಮೇತ ತಿನ್ನೋ ಬಟಾಣಿ. ನಾರು ಬಿಡಿಸಿ ಅನ್ಬೇಕಿತ್ತು, ಗಡಿಬಿಡೀಲಿ ಬರೀ ಬಿಡಿಸಿ ಅಂದೆ. ಬಂದು ನೋಡ್ತೀನಿ, ಅಷ್ಟು ಅಚ್ಚುಕಟ್ಟಾಗಿ ಕಾಳೆಲ್ಲ ಬಟ್ಟಲಲ್ಲಿದೆ. ಮೊದಲ ಸಲ ಮನೆಗೆ ಬಂದವರಿಗೆ ತಪ್ಪಾಯ್ತು ಅಂತ ಹೇಗೆ ಹೇಳೋದು? ಬಾಯೇ ಬರ್ಲಿಲ್ಲ. ಪೊಟ್ಟಣ ಮೇಲ್ಗಡೆನೇ ಇತ್ತು, ಚೊಕ್ಕವಾಗಿತ್ತು, ಅದಕ್ಕೇ... ನಾರು ಮಾತ್ರ ಒಂದೂ ಬಿಟ್ಟಿರ್ಲಿಲ್ಲ ನೀವು. ನಾನು ಹೇಳಿದ ಕೆಲಸ ಪೂರ್ತಿ ಮಾಡಿ, ಮೇಲೆ ಇನ್ನೂ ಸ್ವಲ್ಪ ಮಾಡಿದ್ರಿ, ಅಷ್ಟೆ."

ಮೈದುನ ಕುರ್ಚಿ ಅಲ್ಲಾಡುವ ಹಾಗೆ ನಕ್ಕ. "ಬಿಡಿಸಿದ್ದು ಅತ್ತಿಗೆ, ಬಡಿಸಿದ್ದು ನೀನು, ಬೈಸಿಕೊಂಡಿದ್ದು ನಾನು!"

ಅವನ ಜೊತೆ ಯಾರೂ ನಗಲಿಲ್ಲ.

"ಜೀವಮಾನದಲ್ಲಿ ಮೂಟೆಗಟ್ಟಲೆ ಬಟಾಣಿ ಬಿಡಿಸಿದೀನಿ," ಎಂದಳು ಗುಂಡಿಯಕ್ಕ. "ಸಿಪ್ಪೆ ತಿನ್ನೋ ಬಟಾಣಿ ಅಂತ ಒಂದಿದೆ ಅಂತ ಯಾರೂ ಹೇಳಿದ್ದಿಲ್ಲ. ನನಗೆ ಸಮಾಧಾನ ಮಾಡೋಕೆ ಕತೆ ಕಟ್ಟಬೇಡಿ. ಇವನು ನಿಮಗೆ ಏನು ಹೇಳಿದಾನೆ ಅಂತ ನನಗೆ ಗೊತ್ತು."

ಮೈದುನನ ನಗು ನಿಂತಿತು. "ಏನು ಹೇಳಿದೀನಿ ಅತ್ತಿಗೆ?"

"ಸಿಪ್ಪೆ ತಿಂದು ಬೆಳೆದೆ ಅಂತ. ತಿಂದಿದ್ದಕ್ಕೆ ಹೊಡೆದ್ಲು ಅಂತ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕನ್ನಡಕವಿಲ್ಲದಾಗ ಅವನ ಮುಖ ಆ ಮೂರನೇ ಕ್ಲಾಸಿನ ಹುಡುಗನ ಮುಖವೇ. ಇಲ್ಲ ಎನ್ನಲಿ, ಒಂದು ಸುಳ್ಳು ಹೇಳಲಿ, ಆ ಸುಳ್ಳನ್ನೇ ಹಿಡಿದುಕೊಂಡು ಮನೆಗೆ ಹೋಗುತ್ತೇನೆ ಎಂದು ಗುಂಡಿಯಕ್ಕ ಉಸಿರು ಬಿಗಿಹಿಡಿದಳು.

"ಹೇಳಿದೀನಿ," ಎಂದ ಅವನು. "ಏಟು ಚೆನ್ನಾಗೇ ಬಿದ್ದಿತ್ತು. ಸಂಜೆವರೆಗೂ ಕಿವಿ ಗುಂಯ್ ಅಂತಿತ್ತು. ಅದನ್ನೂ ಹೇಳಿದೀನಿ, ಆಮೇಲಿನದನ್ನೂ ಹೇಳಿದೀನಿ."

"ಆಮೇಲೆ ಏನು?"

"ಮಾರನೇ ದಿನದಿಂದ ನೀವು ಸಿಪ್ಪೆ ಎಸೀತಿರ್ಲಿಲ್ವಲ್ಲ, ಅದು."

ಗುಂಡಿಯಕ್ಕ ಅವನನ್ನೇ ನೋಡಿದಳು. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ನಿಜಕ್ಕೂ ತಿಳಿಯಲಿಲ್ಲ.

"ಆ ಸಿಪ್ಪೆ ಒಳಗಡೆ ಒಂದು ಪೊರೆ ಇರ್ತಿತ್ತು ಅತ್ತಿಗೆ. ತೆಳ್ಳಗೆ, ಕಾಗದದ ಥರ. ಅದೇ ಗಂಟಲಿಗೆ ಸಿಕ್ಕಾಕ್ಕೊಳ್ತಿದ್ದಿದ್ದು, ಅದಕ್ಕೇ ನಾನು ಉಗೀತಿದ್ದಿದ್ದು. ನೀವು ಹೋಟೆಲಿನ ಕೆಲಸ ಮುಗಿಸಿ, ಒಂದೊಂದು ಸಿಪ್ಪೆನೂ ಹಿಂದಕ್ಕೆ ಮುರಿದು, ಆ ಪೊರೆನ ಉಗುರಲ್ಲಿ ಎಳೆದು ಎಳೆದು ತೆಗೀತಿದ್ರಿ. ಎಷ್ಟೊಂದು ಸಿಪ್ಪೆ! ಒಂದು ರಾಶಿಗೆ ಒಂದು ತಟ್ಟೆ ಬರ್ತಿತ್ತು. ಉಪ್ಪು ಹಾಕಿ ಬೇಯಿಸಿ, ನಾನು ಶಾಲೆಯಿಂದ ಬರೋ ಹೊತ್ತಿಗೆ ಮುಚ್ಚಿಟ್ಟಿರ್ತಿದ್ರಿ. ಬಟಾಣಿ ಬರ್ತಿದ್ದಷ್ಟು ದಿನವೂ. ನಿಮಗೆ ನೆನಪಿಲ್ವಾ?"

ನೆನಪಿರಲಿಲ್ಲ. ಅವಳ ನೆನಪಿನಲ್ಲಿ ಆ ದಿನ ಏಟಿಗೇ ನಿಂತುಹೋಗಿತ್ತು. ಈಗ ಅವನ ಮಾತು ಕೇಳಿದಾಗ, ಉಗುರಿನ ಸಂದಿಯಲ್ಲಿ ಹಸಿರು ಕಟ್ಟಿ, ಎಷ್ಟು ತಿಕ್ಕಿದರೂ ಹೋಗದೆ, ದರ್ಜಿ ಅಂಗಡಿಯಿಂದ ಬಿಳಿ ಅಂಗಿ ತಂದಾಗ ಕಲೆಯಾದೀತೆಂದು ಹೆದರುತ್ತಿದ್ದದ್ದು ಮಾತ್ರ ಮಸುಕಾಗಿ ಹೊಳೆಯಿತು. ಯಾಕೆ ಹಸಿರಾಗಿತ್ತು ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು.

"ಅದೊಂದು ಊಟಾನೇನೋ?" ಎಂದಳು. "ಅದನ್ನ ಲೆಕ್ಕಕ್ಕಿಡ್ತೀಯಾ? ನಿನಗೆ ಹಸಿವಾಗ್ತಿತ್ತು."

"ಆಗ್ತಿತ್ತು. ಇಲ್ಲ ಅನ್ನಲ್ಲ. ನಿಮಗೂ ಆಗ್ತಿತ್ತು. ನಾನು ಒಂದು ದಿನ, ನೀವೂ ತಿನ್ನಿ ಅಂದ್ರೆ, ನನಗೆ ಬಟಾಣಿ ಕಂಡ್ರೆ ಆಗಲ್ಲ ಅಂದ್ರಿ. ನಾನು ಅದನ್ನ ಬಹಳ ವರ್ಷ ನಂಬಿದ್ದೆ ಅತ್ತಿಗೆ. ದೊಡ್ಡವನಾದ ಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಅರ್ಥ ಆಯ್ತು. ಆ ದಿನ ರಿಪೇರಿಗೆ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇಳಿದಿದ್ದೆ, ಅಲ್ಲೇ ಕೂತು ಅತ್ತುಬಿಟ್ಟೆ. ಮೇಲೆ ನಿಂತ ಜನ ಲಿಫ್ಟ್ ಯಾವಾಗ ಬರುತ್ತೆ ಅಂತ ಬೈತಿದ್ರು."

ಗುಂಡಿಯಕ್ಕನ ಕಣ್ಣು ತುಂಬಿ ಬಂತು. ಸೆರಗು ಹುಡುಕಿದಳು, ಕೈಗೆ ಸಿಗಲಿಲ್ಲ. ವಾರಗಿತ್ತಿ ತನ್ನ ಕೈಯಲ್ಲಿದ್ದ ಅಡುಗೆಮನೆಯ ಬಟ್ಟೆಯನ್ನೇ ಕೊಟ್ಟಳು. ಅದು ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು. ಮುಖ ಒರೆಸಿಕೊಂಡರೆ ಕಣ್ಣು ಇನ್ನಷ್ಟು ಉರಿದು, ಅಳುವ ಕೆಲಸ ಸುಲಭವಾಯಿತು. ಇಷ್ಟು ವರ್ಷ ಅವಳು ಒಂದು ಏಟನ್ನು ಹೊತ್ತು ತಿರುಗಿದ್ದಳು. ಅದರ ಮಾರನೆಯ ದಿನವನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಹೊತ್ತು ಇವತ್ತಿನವರೆಗೆ ಬಂದಿರಲಿಲ್ಲ. ದುಃಖವೆಂದರೆ ದುಃಖವಲ್ಲ, ಸುಖವೆಂದರೆ ಸುಖವಲ್ಲ, ಎದೆಯೊಳಗೆ ಏನೋ ಹಗುರಾಗಿ ಅಲ್ಲಾಡಿತು.

"ಈಗ ನನ್ನ ಕಷ್ಟ ಕೇಳಿ ಅಕ್ಕ," ಎಂದಳು ವಾರಗಿತ್ತಿ. ಅವಳ ದನಿಯೂ ಸರಿಯಾಗಿರಲಿಲ್ಲ, ಆದರೂ ನಗಿಸಲು ನೋಡುತ್ತಿದ್ದಳು. "ಮದುವೆ ಆದ ಹೊಸದ್ರಲ್ಲಿ ಇದನ್ನ ಮಾಡಿ ಬಡಿಸ್ದೆ. ಇವರು ಒಂದು ಬಾಯಿಗೆ ಹಾಕ್ಕೊಂಡು, 'ನಮ್ಮತ್ತಿಗೆ ಮಾಡೋ ಥರಾನೇ ಇದೆ, ಆದ್ರೆ ಅವರ ಕೈರುಚಿನೇ ಬೇರೆ' ಅಂದ್ರು. ಹೊಸ ಹೆಂಡ್ತಿಗೆ ಹೇಳೋ ಮಾತಾ ಇದು? ಅವತ್ತಿಂದ ಎಷ್ಟು ಸಲ ಮಾಡಿದೀನಿ. ಪ್ರತಿ ಸಲ ತಿಂತಾರೆ, ಚೆನ್ನಾಗಿದೆ ಅಂತಾರೆ, ಆದ್ರೆ ಅಂತ ಎಳೀತಾರೆ. ಆ 'ಆದ್ರೆ' ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅದಕ್ಕೇ ನಿಮ್ಮನ್ನೇ ಕರೆದು, ಬಡಿಸಿ, ಏನು ಕಡಿಮೆ ಇದೆ ಅಂತ ಕೇಳೋಣ ಅಂತ ಫೋನ್ ಮಾಡಿದ್ದು. ಬಡಿಸೋ ಮೊದಲೇ ಹೀಗೆ ರಾದ್ಧಾಂತ ಆಗುತ್ತೆ ಅಂತ ನನಗೇನು ಗೊತ್ತು?"

"ಇದೇನಾ ಕೆಲಸ?"

"ಇದೇ ಅಕ್ಕ ಕೆಲಸ."

ಗುಂಡಿಯಕ್ಕ ಮೂಗೆಳೆದುಕೊಂಡಳು. ಮೈದುನನ ಕಡೆ ತಿರುಗಿ, "ನಿನಗೆ ಮಾತಾಡೋಕೆ ಬರಲ್ಲ ಅಂದ್ರೆ ಬಾಯಿ ಮುಚ್ಕೊಂಡು ತಿನ್ನೋಕೇನೋ ಕಷ್ಟ? ಬೆಣ್ಣೆ ಹಾಕಿ ಮಾಡಿದ್ದಾಳೆ, ನಿಂಬೆ ಹಿಂಡಿದ್ದಾಳೆ. ನನ್ನದ್ರಲ್ಲಿ ಉಪ್ಪು ಬಿಟ್ರೆ ಏನಿತ್ತು?" ಎಂದು ಗದರಿಸಿದಳು. ಅವನು ಗದರಿಸಿಕೊಂಡು ತೃಪ್ತನಾಗಿ ಕನ್ನಡಕ ಹಾಕಿಕೊಂಡ.

ತನ್ನ ತಟ್ಟೆಯಿಂದ ಅವಳು ಒಂದು ಸಿಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಬೆರಳಿಗೆ ಬೆಣ್ಣೆ ಹತ್ತಿತು. ಬಾಯಿಗೆ ಹಾಕಿಕೊಳ್ಳುವ ಬದಲು, ತಾನೇನು ಮಾಡುತ್ತಿದ್ದೇನೆ ಎಂದು ಯೋಚಿಸದೆಯೇ, ಅದನ್ನು ಹಿಂದಕ್ಕೆ ಮುರಿದಳು. ಮುರಿದ ಅಂಚಿಗೆ ಉಗುರು ಹಾಕಿ ಎಳೆದಳು. ಉಗುರು ಜಾರಿತು. ಇನ್ನೊಂದು ಅಂಚಿಗೆ ಹಾಕಿದಳು, ಅಲ್ಲಿಯೂ ಜಾರಿತು. ಇನ್ನೊಂದು ಸಿಪ್ಪೆ ಎತ್ತಿಕೊಂಡು ಅದನ್ನೂ ಮುರಿದು ನೋಡಿದಳು. ಒಳಗೆಲ್ಲ ನೀರುನೀರಾದ ಎಳೆ ಹಸಿರು, ಹೊರಗಿನ ಹಾಗೆಯೇ.

"ಇದರ ಪೊರೆ ಎಲ್ಲಿದೆಯೇ?" ಎಂದು ವಾರಗಿತ್ತಿಯನ್ನು ಕೇಳಿದಳು.

"ಇದಕ್ಕೆ ಪೊರೆನೇ ಇರಲ್ಲ ಅಕ್ಕ. ಹಾಗೇ ತಿನ್ನೋದು."

ಗಂಡ ಹೆಂಡತಿ ಇಬ್ಬರೂ ಚಮಚ ಕೈಯಲ್ಲಿ ಹಿಡಿದು ತಿನ್ನದೆ ಕಾಯುತ್ತಿದ್ದರು. ಗುಂಡಿಯಕ್ಕ ಮುರಿದ ಎರಡು ಚೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಸಿಕ್ಕು ಕರುಂ ಎಂದಿತು. ಆಮೇಲೆ ಸಿಹಿ. ಇನ್ನೊಂದು ಹಾಕಿಕೊಂಡಳು, ಇನ್ನೂ ಒಂದು, ತಟ್ಟೆಯಲ್ಲಿದ್ದದ್ದೆಲ್ಲ ಮುಗಿಯುವವರೆಗೆ.

"ಸರಿಯಾಗಿದೆಯಾ ಅಕ್ಕ?" ಎಂದು ವಾರಗಿತ್ತಿ ಮೆಲ್ಲಗೆ ಕೇಳಿದಳು.

ಗುಂಡಿಯಕ್ಕನ ಬಾಯಿ ತುಂಬಿತ್ತು. ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕಡೆಗೆ ಚಾಚಿದಳು.